ಅರಿಶಿನ ಮೆತ್ತಿದ ಸೀಟಿ

ದೆವ್ವ, ಗಾಳಿ, ಸೋಂಕು ಇಂಥವುಗಳಲ್ಲಿ ನನಗೆ ನಂಬಿಕೆ ಇಲ್ಲ. ಇಲ್ಲ ಎಂದು ಬರೆಯುವ ಮೊದಲು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಮುಂದಿನದನ್ನು ಓದಿದ ಮೇಲೆ ನೀವೇ ಬೇಕಾದರೆ ತಿದ್ದಿಕೊಳ್ಳಿ.

ನಾನು ಕಲ್ಯಾಣದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಕಿವಿಯಿಂದಲೇ ಅನ್ನ ಸಂಪಾದಿಸಿದವಳು ಎನ್ನಬಹುದು. ಆ ಕಾಲದಲ್ಲಿ ಜೊತೆಯ ಹುಡುಗಿಯರು ಲೈನಿನಲ್ಲಿ ಯಾರೋ ಅಳುತ್ತಾರೆ, ಸತ್ತವರ ದನಿ ಕೇಳುತ್ತದೆ ಎಂದು ಹೆದರಿ ಹೆಡ್‌ಫೋನು ಕಿತ್ತಿಡುತ್ತಿದ್ದರು. ನಾನು ತೆಗೆದುಕೊಂಡು ಕೇಳಿದರೆ ಅದು ಗಾಳಿಗೆ ತಂತಿ ತಂತಿಗೆ ಉಜ್ಜುವ ಸದ್ದಾಗಿರುತ್ತಿತ್ತು. ಒಮ್ಮೆ ಮಾತ್ರ ನಿಜವಾಗಿಯೂ ಒಬ್ಬ ಹೆಂಗಸು ಅಳುತ್ತಿದ್ದಳು, ಆದರೆ ಆಕೆ ಬದುಕಿದ್ದಳು. ತವರಿಗೆ ಫೋನು ಮಾಡಿದ್ದಳು. ಇಂಥ ನನ್ನ ಕಿವಿಗೆ, ಮಟಮಟ ಮಧ್ಯಾಹ್ನ, ಊರಿನ ಜನರೆಲ್ಲ ನೋಡುತ್ತಿರುವಾಗ ಕೇಳಿಸಿದ ಒಂದು ಸದ್ದಿನ ವಿಷಯ ಹೇಳಬೇಕಾಗಿದೆ. ಆದರೆ ಅದನ್ನು ಹೇಳಲು ನಮ್ಮ ಕಡೆಯ ಬಾಲ್ ಬ್ಯಾಡ್ಮಿಂಟನ್ ಲೀಗಿನ ಕಥೆಯನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ತಲೆಬುಡ ತಿಳಿಯುವುದಿಲ್ಲ.

ಹಳದಿ ಉಣ್ಣೆಯ ಚೆಂಡು, ನರ ಬಿಗಿದ ಮರದ ಬ್ಯಾಟು, ಒಂದೊಂದು ಕಡೆಗೆ ಐದೈದು ಜನ. ಈ ಆಟ ಈಗ ಎಲ್ಲಿ ಆಡುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಹರೆಯದಲ್ಲಿ ಮಾತ್ರ ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ನಡುವಿನ ಹಳ್ಳಿಗಳಲ್ಲಿ ಇದರದೇ ಹುಚ್ಚು. ಕಡಲೆಕಾಯಿ ಕಿತ್ತು ಮುಗಿದ ಮೇಲೆ ಶುರುವಾಗಿ ಬಿಸಿಲು ಜೋರಾಗುವ ತನಕ ವಾರವಾರವೂ ಒಂದೊಂದು ಊರಿನಲ್ಲಿ ಪಂದ್ಯ. ಕಪ್ಪು ಇರಲಿಲ್ಲ, ಬಹುಮಾನ ಇರಲಿಲ್ಲ. ಗೆದ್ದ ಊರಿನವರು ಸೋತ ಊರಿನ ಬಸ್ ಸ್ಟಾಪಿನಲ್ಲಿ ಇಳಿದಾಗ ಟೀ ಅಂಗಡಿಯವನು ಮುಖ ಆ ಕಡೆ ತಿರುಗಿಸುತ್ತಿದ್ದ, ಅದೇ ಬಹುಮಾನ.

ನನ್ನ ತವರು ರೊದ್ದಂ ಪಕ್ಕದ ಹಳ್ಳಿ. ನಮ್ಮಣ್ಣ ನರಸಿಂಹಪ್ಪ ಅಲ್ಲಿನ ಟೀಮಿಗೆ ಕ್ಯಾಪ್ಟನ್. ಬೆಳುಗುಪ್ಪ ಕಡೆಯ ಒಂದು ಊರಿನ ಟೀಮಿಗೆ ತಿಪ್ಪೇಸ್ವಾಮಿ ಎನ್ನುವವರು ಕ್ಯಾಪ್ಟನ್. ಒಂದು ಸಲ ಈ ತಿಪ್ಪೇಸ್ವಾಮಿ ಹಿಂಬದಿಗೆ ಬಿದ್ದೇ ಹೋಯಿತು ಅನ್ನುವ ಚೆಂಡನ್ನು ಬಗ್ಗಿ ಎತ್ತಿ, ನೆಟ್ಟಿನ ಮೇಲೆ ಕೂರಿಸಿದ ಹಾಗೆ ದಾಟಿಸಿದರಂತೆ. ಸೋತು ಮನೆಗೆ ಬಂದ ನಮ್ಮಣ್ಣ ಕಾಲು ತೊಳೆಯುವ ಮೊದಲೇ ಅಮ್ಮನಿಗೆ ಹೇಳಿದ: "ಸರೋಜಂಗೆ ಗಂಡು ನೋಡ್ಬುಟ್ಟೆ ಕಣಮ್ಮ. ಏನ್ ಕಟ್ ಹೊಡೀತಾನೆ ಅಂತೀಯ!" ಹೀಗೆ ನನ್ನ ಮದುವೆಯಾಯಿತು. ಜಾತಕ ಆಮೇಲೆ ನೋಡಿದರು. ಅದೂ ಕೂಡಿ ಬಂತು ಅನ್ನಿ. ಬಾವ ಬಾವ ಎಂದು ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುವುದನ್ನು ನೋಡಿದರೆ ಮದುವೆ ಯಾರಿಗೆ ಯಾರ ಜೊತೆ ಆಯಿತು ಎಂದು ನನಗೇ ಅನುಮಾನ ಬರುತ್ತಿತ್ತು.

ನಮ್ಮ ಲೀಗಿನಲ್ಲಿ ಅಂಪೈರು ಸಿಗುವುದೇ ಕಷ್ಟವಾಗಿತ್ತು. ಯಾರನ್ನು ನಿಲ್ಲಿಸಿದರೂ ಅವನ ಅತ್ತೆಯ ಊರು ಯಾವುದು, ಅವನ ದಾಯಾದಿ ಯಾರು ಎಂದು ಹುಡುಕಿ ತೆಗೆಯುತ್ತಿದ್ದರು. ಕೊನೆಗೆ ಸೋಮಂದೇಪಲ್ಲಿ ಕಡೆಯ ಅಶ್ವತ್ಥಪ್ಪ ಮೇಷ್ಟ್ರು ಸಿಕ್ಕರು. ಅವರಿಗೆ ನೆಂಟರೇ ಇರಲಿಲ್ಲವೋ, ಇದ್ದವರ ಜೊತೆಗೆಲ್ಲ ಜಗಳವಾಡಿದ್ದರೋ, ಅಂತೂ ಎಲ್ಲರೂ ಒಪ್ಪಿದರು. ಆಡುವ ಊರಿನಲ್ಲಿ ಅವರು ಒಂದು ಲೋಟ ಮಜ್ಜಿಗೆ ಕೂಡ ಮುಟ್ಟುತ್ತಿರಲಿಲ್ಲ. ಉಪ್ಪು ತಿಂದ ಬಾಯಿ ಔಟ್ ಅನ್ನಲ್ಲ ಎನ್ನುತ್ತಿದ್ದರು. ಗಂಟಲು ಒಣಗದಿರಲಿ ಎಂದು ಒಂದು ಲವಂಗವನ್ನು ದವಡೆಯಲ್ಲಿಟ್ಟುಕೊಂಡೇ ಪಂದ್ಯ ಮುಗಿಸುತ್ತಿದ್ದರು. ಅವರು ಹತ್ತಿರ ಬಂದರೆ ಲವಂಗದ ವಾಸನೆ ಮೊದಲು ಬರುತ್ತಿತ್ತು.

ಅವರು ತಂದ ಪದ್ಧತಿ ಒಂದಿತ್ತು. ಬಾಯಿಮಾತಿನ ತೀರ್ಪನ್ನು ಜನ ತಿರುಚುತ್ತಾರೆ, ಸೀಟಿಯನ್ನು ತಿರುಚಲು ಆಗುವುದಿಲ್ಲ ಎಂದು ಅವರ ವಾದ. ಚೆಂಡು ಗೆರೆಯೊಳಗೆ ಬಿದ್ದರೆ ಒಂದು ಉದ್ದನೆಯ ಸೀಟಿ. ಹೊರಗೆ ಬಿದ್ದರೆ ಎರಡು ಗಿಡ್ಡ ಸೀಟಿ. ಸೀಟಿ ಊದುವ ತನಕ ಚೆಂಡು ಆಟದಲ್ಲಿದೆ ಎಂದೇ ಲೆಕ್ಕ. ಪಂದ್ಯಕ್ಕೆ ಮುಂಚೆ ಆ ಸೀಟಿಗೆ ಪೂಜೆ ಮಾಡಿ, ಇಬ್ಬರೂ ಕ್ಯಾಪ್ಟನ್ನರು ಅದನ್ನು ಮುಟ್ಟಿ, ಇದು ಹೇಳಿದಂತೆ ಕೇಳುತ್ತೇವೆ ಎಂದು ಆಣೆ ಮಾಡಬೇಕು. ಪೂಜೆಯ ಕೆಲಸ ಆಡುವ ಊರಿನ ಹಿರಿಯ ಮುತ್ತೈದೆಯದು.

ಮೂವತ್ತು ವರ್ಷಕ್ಕೂ ಮೇಲಾಯಿತು, ನಮ್ಮ ತವರಿನಲ್ಲಿ ಫೈನಲ್ ನಡೆಯಿತು. ನಮ್ಮಣ್ಣನ ಟೀಮು, ನಮ್ಮ ಯಜಮಾನರ ಟೀಮು. ಆಗ ನಾನು ಮದುವೆಯಾಗಿ ಹೋದವಳು. ಯಾವ ಕಡೆ ಕೂತರೂ ಇನ್ನೊಂದು ಕಡೆಯವರು ಆಡಿಕೊಳ್ಳುತ್ತಾರೆ ಎಂದು ನೆಟ್ಟು ಕಟ್ಟುವ ಕಲ್ಲುಕಂಬದ ಬುಡದಲ್ಲಿ, ಅಂಪೈರ್ ಮೇಷ್ಟ್ರ ಸ್ಟೂಲಿನ ಪಕ್ಕದಲ್ಲೇ ಕೂತೆ. ನಮ್ಮಮ್ಮನಿಗೆ ಅವತ್ತು ಪೂಜೆಯದೇ ಸಂಭ್ರಮವೋ ಸಂಭ್ರಮ. ಒಂದು ಕಡೆ ಮಗ, ಇನ್ನೊಂದು ಕಡೆ ಅಳಿಯ. ಯಾರಿಗೂ ಕಮ್ಮಿಯಾಗದಿರಲಿ ಎಂದು ಮಗನ ಹೆಸರಿನಲ್ಲಿ ಒಂದು ಸಲ, ಅಳಿಯನ ಹೆಸರಿನಲ್ಲಿ ಒಂದು ಸಲ, ಸೀಟಿಗೆ ಎರಡೆರಡು ಪದರ ಅರಿಶಿನ ಮೆತ್ತಿದಳು.

ಆಟ ಸಮಸಮ ಬಂತು. ಇನ್ನು ಒಂದೇ ಪಾಯಿಂಟು, ಅದು ಯಾರಿಗೆ ಬಂದರೂ ಅವರದೇ ಲೀಗು. ನಮ್ಮ ಯಜಮಾನರು ತಮ್ಮ ಪ್ರಸಿದ್ಧ ಕಟ್ ಹೊಡೆದರು. ಚೆಂಡು ಹೋಗಿ ಹಿಂದಿನ ಗೆರೆಯ ಹತ್ತಿರ ಬಿತ್ತು. ಒಳಗೆ ಎಂದು ಯಜಮಾನರು ಕುಣಿದರು, ಹೊರಗೆ ಎಂದು ಅಣ್ಣ ಕುಣಿದ. ಮೇಷ್ಟ್ರು ಸೀಟಿ ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿದರು. ಸದ್ದಿಲ್ಲ. ಮತ್ತೆ ಊದಿದರು. ಪುಸ್ ಎಂದಿತು. ಇಷ್ಟು ಹೊತ್ತು ಎಂಜಲಿನಲ್ಲಿ ನೆನೆದು ನೆನೆದು ಅರಿಶಿನವೆಲ್ಲ ಒಳಗಿಳಿದು ಸೀಟಿಯೊಳಗಿನ ಕಾಳನ್ನು ಹಿಡಿದುಕೊಂಡಿತ್ತು.

ಯಾರೋ ಪೊರಕೆ ಕಡ್ಡಿ ತಂದು ಚುಚ್ಚಲು ಹೋದರು. ಪೂಜೆ ಮಾಡಿದ್ದಕ್ಕೆ ಪೊರಕೆ ಕಡ್ಡಿಯಾ ಎಂದು ಅಮ್ಮ ಬಾಯಿ ಬಡಿದುಕೊಂಡಳು. ಇನ್ನಾರೋ ಓಡಿಹೋಗಿ ಬಸ್ಸಿನ ಕಂಡಕ್ಟರನ ಸೀಟಿ ಇಸಿದುಕೊಂಡು ಬಂದರು. ಇವರು ಆಣೆ ಮಾಡಿದ್ದು ಅದನ್ನು ಮುಟ್ಟಿ ಅಲ್ಲ ಎಂದು ಮೇಷ್ಟ್ರು ತಿರುಗಿಯೂ ನೋಡಲಿಲ್ಲ. ಬಾಯಲ್ಲೇ ಹೇಳಿ ಎಂದರೆ, "ಸೀಟಿ ಊದ್ಲಿ, ಆಮ್ಯಾಕೆ ಹೇಳ್ತೀನಿ. ಅಲ್ಲೀಗಂಟ ಆಟ ನಡೀತಾ ಇದೆ ಅನ್ಕೊಳ್ಳಿ," ಎಂದು ಸೀಟಿಯನ್ನು ನಮ್ಮಮ್ಮನ ಕೈಗೆ ಕೊಟ್ಟು, ಆ ಕಂಡಕ್ಟರನ ಬಸ್ಸಿಗೇ ಹತ್ತಿ ಹೊರಟುಹೋದರು. ಅವರು ಹೋದ ಮೇಲೆ ಬ್ಯಾಟುಗಳು ಚೆಂಡಿನ ಮೇಲಲ್ಲದೆ ಬೇರೆ ಬೇರೆ ಕಡೆ ಬಿದ್ದವು.

ಮುಂದಿನ ವರ್ಷ ಲೀಗು ಶುರುವಾಗಲಿಲ್ಲ. ಹಿಂದಿನದೇ ಮುಗಿದಿಲ್ಲ, ಮುಂದಿನದು ಹೇಗೆ ಎಂದರು ಉಳಿದ ಊರಿನವರು. ಸೀಟಿಯನ್ನು ತೊಳೆದು ಸರಿಮಾಡೋಣ ಎಂದರೆ, ನಮ್ಮಣ್ಣನ ಮನೆಯವರು ತೊಳೆದರೆ ಅದು ಅವನ ಕಡೆಗೇ ಊದುತ್ತದೆ ಎಂದು ಬೆಳುಗುಪ್ಪ ಕಡೆಯವರ ತಕರಾರು. ಅಮ್ಮ ಅದನ್ನು ದೇವರ ಗೂಡಿನಲ್ಲಿ ಒಂದು ಹಿತ್ತಾಳೆ ಡಬ್ಬಿಯಲ್ಲಿಟ್ಟು ಕೈ ಮುಗಿದಳು. ಎಷ್ಟೋ ವರ್ಷದ ಮೇಲೆ ನಾನೇ ಒಮ್ಮೆ ಮೇಷ್ಟ್ರನ್ನು ನೋಡಲು ಹೋಗಿದ್ದೆ. ಹಾಸಿಗೆ ಹಿಡಿದಿದ್ದರು. ಇನ್ನಾದರೂ ಹೇಳಿ ಮೇಷ್ಟ್ರೇ, ನನ್ನ ಸಂಸಾರ ಅದರಲ್ಲಿ ಸಿಕ್ಕಿಕೊಂಡಿದೆ ಎಂದೆ. "ಸೀಟಿ ಊದ್ಲಿ ಕಣಮ್ಮ," ಎಂದು ನಕ್ಕರು. ಆ ವರ್ಷವೇ ತೀರಿಕೊಂಡರು. ನಮ್ಮ ಲೀಗಿನ ಚರಿತ್ರೆ ಇಷ್ಟೇ.

ಸಂಸಾರ ಸಿಕ್ಕಿಕೊಂಡಿದೆ ಎಂದದ್ದು ಸುಳ್ಳಲ್ಲ. ಅವತ್ತಿನಿಂದ ಬಾವ ಬಾವಂದಿರು ಮಾತು ಬಿಟ್ಟರು. ಒಬ್ಬರ ಮನೆಗೆ ಒಬ್ಬರು ಬರುವುದು, ಹಬ್ಬಕ್ಕೆ ಉಣ್ಣುವುದು ಎಲ್ಲ ಉಂಟು. ಮಾತು ಮಾತ್ರ ಇಲ್ಲ. ಒಂದೇ ಪಂಕ್ತಿಯಲ್ಲಿ ಕೂತು, "ನಿಮ್ಮಣ್ಣಂಗೆ ಸಾರು ಬೇಕೇನೋ ಕೇಳು," "ನಿನ್ನ ಗಂಡಂಗೆ ಸಾಕಂತೆ ಹೇಳು" ಎಂದು ನನ್ನ ಮುಖಾಂತರ ಮಾತಾಡುವರು. ಎಕ್ಸ್‌ಚೇಂಜಿನಲ್ಲಿ ಎಂಟು ಗಂಟೆ ಲೈನು ಕೂಡಿಸಿ ಮನೆಗೆ ಬಂದರೆ ಇಲ್ಲಿ ಇನ್ನೊಂದು ಡ್ಯೂಟಿ. ಅಣ್ಣ ಫೋನು ಮಾಡಿದಾಗ ಇವರು ಎತ್ತಿದರೆ, ಹಲೋ ಎನ್ನದೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, "ನಿಂಗೇ," ಎನ್ನುತ್ತಿದ್ದರು. ಮಾತಾಡದಿದ್ದರೂ ಇವರೇ ಎತ್ತಿದ್ದು ಎಂದು ಅಣ್ಣನಿಗೆ ಉಸಿರಿನಿಂದಲೇ ಗೊತ್ತಾಗುತ್ತಿತ್ತಂತೆ. ನಾನು ನಗುತ್ತ ಬರೆಯುತ್ತಿದ್ದೇನೆ, ಆದರೆ ಮೂವತ್ತು ವರ್ಷ ಇದು ನನಗೆ ನಗುವ ವಿಷಯವಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅಣ್ಣನಿಗೆ ಎದೆನೋವು ಬಂತು. ಹಿಂದೂಪುರದಲ್ಲಿ ತೋರಿಸಿದರು. "ಗುಂಡಿಗೇಲಿ ಅದೇನೋ ಬ್ಲಾಕಂತೆ ಕಣಮ್ಮ, ಸ್ಟೆಂಟ್ ಹಾಕ್ಬೇಕಂತೆ," ಎಂದು ನನಗೆ ಫೋನು ಮಾಡಿದ. "ನಿನ್ನ ಗಂಡಂಗೆ ಹೇಳ್ಬೇಡ, ಖುಷಿ ಪಟ್ಬುಟ್ಟಾನು." ನಾನು ಹೇಳಿದೆ. ಇವರು ಉಣ್ಣುತ್ತಿದ್ದವರು ತಟ್ಟೆ ಸರಿಸಿ ಎದ್ದರು. ಹಿತ್ತಲಿಗೆ ಹೋಗಿ ಸುಮಾರು ಹೊತ್ತು ನಿಂತಿದ್ದು ಬಂದು, "ಉಪ್ಪು ಕಮ್ಮಿ ಮಾಡು ಅಂತ ಹೇಳು ನಿಮ್ಮಣ್ಣಂಗೆ. ನಾನು ಹೇಳ್ದೆ ಅಂತ ಹೇಳ್ಬೇಡ," ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಏನಾದರೂ ಹೆಚ್ಚುಕಮ್ಮಿಯಾದರೆ ಇವರಿಬ್ಬರೂ ಮಾತಾಡದೆಯೇ ಉಳಿದುಹೋಗುತ್ತಾರಲ್ಲ ಎನ್ನುವುದೊಂದೇ ಯೋಚನೆ.

ಆಸ್ಪತ್ರೆಗೆ ಸೇರುವ ದಿನ ಹತ್ತಿರ ಬಂದಿರುವಾಗಲೇ ಅತ್ತಿಗೆ ಲಕ್ಷ್ಮಕ್ಕ ಫೋನು ಮಾಡಿದಳು. ನಾವು ಆಡುತ್ತಿದ್ದ ಹಳೆಯ ಕೋರ್ಟಿನ ಜಾಗದಲ್ಲಿ ಕುಡಿಯುವ ನೀರಿನ ಪ್ಲಾಂಟು ಕಟ್ಟುತ್ತಾರಂತೆ, ನಾಳೆ ಜೆಸಿಬಿ ಬಂದು ಕಲ್ಲುಕಂಬ ಕೀಳುತ್ತದಂತೆ, ನಿಮ್ಮಣ್ಣ ಹೋಗಿ ಅದರ ಮುಂದೆ ಕೂರುತ್ತೇನೆ ಅನ್ನುತ್ತಿದ್ದಾರೆ, ಬಂದು ಬುದ್ಧಿ ಹೇಳು ಎಂದಳು. ಇವರಿಗೆ ಹೇಳಿದೆ. ಇವರು ಬುದ್ಧಿ ಹೇಳಲು ಬರುತ್ತಾರೆ ಅಂದುಕೊಂಡರೆ, "ಆಟ ನಡೀತಿರೋವಾಗ ಕಂಬ ಹೆಂಗ್ ಕೀಳ್ತಾರೆ? ನಾನೂ ಬತ್ತೀನಿ ನಡಿ," ಎಂದು ಬೆಳಗಾಗುವ ಮೊದಲೇ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

ನಾವು ಹೋಗುವಷ್ಟರಲ್ಲಿ ಅಣ್ಣ ಜೆಸಿಬಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಇವರು ಒಂದು ಮಾತೂ ಆಡದೆ ಇನ್ನೊಂದು ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತರು. ಮುಖ ಮಾತ್ರ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಊರಿನ ಸರಪಂಚ ಆ ಫೈನಲ್ಲಿನ ಹೊತ್ತಿಗೆ ಹುಟ್ಟಿಯೇ ಇರಲಿಲ್ಲ. ಬಡಪಾಯಿ ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ. ಜೆಸಿಬಿಯ ಡ್ರೈವರು ಧರ್ಮಾವರಂ ಕಡೆಯ ತೆಲುಗಿನವನು. ಇಂಜಿನ್ನು ಆರಿಸಿ ಕೆಳಗಿಳಿದು, "ಎವರೋ ಒಕರು ಗೆಲ್ಚೇಯಂಡಿ ಸಾಮೀ, ನಾಕು ಇಂಕೋ ಪನಿ ಉಂದಿ," ಎಂದು ಕೈಮುಗಿದ. ಯಾರೋ ಒಬ್ಬರು ಗೆದ್ದುಬಿಡಿ, ನನಗೆ ಬೇರೆ ಕೆಲಸ ಇದೆ ಎಂದು. ಆ ಮಾತು ಸರಪಂಚನಿಗೆ ಹಿಡಿಸಿತು.

"ಸರಿ ಮಾಮ, ಆ ಲಾಸ್ಟ್ ಪಾಯಿಂಟು ಇವತ್ತೇ ಆಡ್ಬುಡಿ. ಆಟ ಮುಗೀಲಿ, ಕಂಬ ಕೀಳ್ತೀವಿ," ಎಂದ.

ಇಬ್ಬರೂ ಒಟ್ಟಿಗೇ ಎದ್ದು ನಿಂತರು. ಮೆಟ್ಟಿಲು ಕೂಡ ಹತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ, ಇವನು ಬ್ಯಾಟು ಹಿಡಿಯುತ್ತಾನಂತೆ. ನಾನೂ ಅತ್ತಿಗೆಯೂ ಬೈದೆವು, ಅತ್ತೆವು. ಕೊನೆಗೆ ಅಣ್ಣ ನನ್ನ ತಲೆ ಮುಟ್ಟಿ ಆಣೆ ಮಾಡಿದ: ಇದ್ದಲ್ಲಿಂದ ಹೆಜ್ಜೆ ಕದಲುವುದಿಲ್ಲ, ಕೈ ಎತ್ತುವುದಿಲ್ಲ, ಚೆಂಡು ಎಲ್ಲಿ ಬೀಳುತ್ತದೆ ಎಂದು ನೋಡುವುದಷ್ಟೇ. ಇವರು ಮಾತ್ರ ಅವತ್ತಿನ ಜಾಗದಲ್ಲಿ ನಿಂತು ಅವತ್ತಿನದೇ ಕಟ್ ಹೊಡೆಯಬೇಕು.

ಅಣ್ಣನ ಮನೆಯ ಗೋಡೆಗೆ ನೇತುಹಾಕಿದ್ದ ಬ್ಯಾಟು ತಂದರು. ಅದರ ನರಗಳು ಹಳೆಯ ಮಂಚದ ನವಾರಿನ ಹಾಗೆ ಜೋತುಬಿದ್ದಿದ್ದವು. ಚೆಂಡಿನ ಉಣ್ಣೆಯನ್ನು ಹುಳು ತಿಂದು ಅರ್ಧವಾಗಿತ್ತು. ನೆಟ್ಟಿಲ್ಲದ್ದಕ್ಕೆ ಕಂಬದಿಂದ ಕಂಬಕ್ಕೆ ಅತ್ತಿಗೆಯ ಹಳೆಯ ಸೀರೆ ಕಟ್ಟಿದರು. ಹಿಂದಿನ ಗೆರೆ ಎಲ್ಲಿತ್ತು ಎನ್ನುವುದಕ್ಕೆ ಮತ್ತೆ ಜಗಳ ಹತ್ತಿತು; ಒಬ್ಬ ಇಲ್ಲಿ ಅಂದರೆ ಇನ್ನೊಬ್ಬರು ಅಲ್ಲಿ. ಲಕ್ಷ್ಮಕ್ಕ ರಂಗೋಲಿ ಡಬ್ಬಿ ಹಿಡಿದು ಬಂದು, ಬಗ್ಗಿ, ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದು, "ನಾನು ಎಳ್ದಿದ್ದೇ ಗೆರೆ. ಮಾತಾಡಿದ್ರೆ ನೋಡಿ," ಎಂದಳು. ಅಂಪೈರ್ ಯಾರು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಸತ್ತರೂ ಆಗುವುದಿಲ್ಲ ಎಂದೆ. ಎಲ್ಲರೂ ಕಣ್ಣುಬಿಟ್ಟುಕೊಂಡು ನೋಡೋಣ ಎಂದು ತೀರ್ಮಾನವಾಯಿತು. ನಾನು ಅಭ್ಯಾಸಬಲದಿಂದ ಅದೇ ಕಂಬದ ಬುಡದಲ್ಲಿ ಹೋಗಿ ನಿಂತೆ.

ಈಗ ನಾನು ನೋಡಿದ್ದನ್ನು ನೋಡಿದ ಹಾಗೇ ಹೇಳುತ್ತೇನೆ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಡ್ರೈವರು ಜೆಸಿಬಿಯ ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದ. ಇವರು ಚೆಂಡನ್ನು ಒಂದು ಸಲ ಹಣೆಗೆ ಮುಟ್ಟಿಸಿಕೊಂಡು, ಮೇಲೆ ಎಸೆದು, ಹೊಡೆದರು. ಆ ಜೋತುಬಿದ್ದ ಬ್ಯಾಟಿನಿಂದ ಚೆಂಡು ಸೀರೆ ದಾಟುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ದಾಟಿತು. ಚೆಂಡು ಮೇಲಿರುವಾಗಲೇ ಕೆರೆಯ ಕಡೆಯಿಂದ ಒಂದು ಸುಂಟರಗಾಳಿ ಎದ್ದು ಬಂತು. ಬೇಸಿಗೆಯಲ್ಲಿ ನಮ್ಮ ಕಡೆ ಅದು ದಿನವೂ ಏಳುವುದೇ. ಕಡಲೆ ಹೊಟ್ಟು, ಧೂಳು, ಕಾಗದ ಎಲ್ಲ ಎತ್ತಿಕೊಂಡು ಕೋರ್ಟಿನ ಮೇಲೆ ಹಾದುಹೋಯಿತು. ಜನ ಕಣ್ಣು ಮುಚ್ಚಿಕೊಂಡರು. ಲಕ್ಷ್ಮಕ್ಕನ ಗೆರೆ ಹಾರಿಹೋಯಿತು. ನಾನು ಕಣ್ಣು ಮುಚ್ಚಲಿಲ್ಲ. ಅಣ್ಣ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ, ಅವನನ್ನೇ ನೋಡುತ್ತಿದ್ದೆ.

ಆಗ ಸೀಟಿ ಕೇಳಿಸಿತು.

ದೂರದಲ್ಲಲ್ಲ. ನನ್ನ ಎಡಗಿವಿಯ ಪಕ್ಕದಲ್ಲಿ, ಸ್ವಲ್ಪ ಮೇಲೆ, ಸ್ಟೂಲಿನ ಮೇಲೆ ಕೂತವರ ಬಾಯಿ ಇರುವಷ್ಟು ಎತ್ತರದಲ್ಲಿ. ಒಳಗಿನ ಕಾಳು ಗಿರಗಿರ ತಿರುಗುವ, ಕಬ್ಬಿಣದ ಸೀಟಿಯ ಸದ್ದು. ತಿರುಗಿ ನೋಡಿದೆ. ಕಂಬ ಇತ್ತು, ಧೂಳಿತ್ತು. ಮತ್ತೇನೂ ಇರಲಿಲ್ಲ.

ಧೂಳು ಇಳಿದಾಗ ಅಣ್ಣ ಎದೆಯಿಂದ ಕೈ ತೆಗೆದು ಮೇಲೆತ್ತಿದ್ದ. "ಒಂದೇ ಸೀಟಿ. ಉದ್ದ. ಒಳಗೇ ಬಿತ್ತು ಕಣಯ್ಯ," ಎಂದ. "ನೀನೇ ಗೆದ್ದೆ ಬಾವ."

ನಮ್ಮ ಯಜಮಾನರು ಬ್ಯಾಟು ಕೆಳಗೆ ಹಾಕಿದರು. "ಯಾವ ಒಂದು? ಎರಡು ಊದಿದ್ರಲ್ಲ, ಗಿಡ್ಡಗಿಡ್ಡಕೆ. ಔಟು. ಇಷ್ಟು ವರ್ಷ ನಾನೇ ತಪ್ಪು ತಿಳ್ಕೊಂಡಿದ್ದೆ. ಗೆದ್ದಿದ್ದು ನೀನು ಕಣೋ ಬಾವ."

"ಒಂದೇ ಅಂತ ಹೇಳ್ತಿಲ್ವಾ? ಕಿವಿ ಹೋಯ್ತಾ ನಿಂಗೆ?"

"ನಿಂಗೆ ಗುಂಡಿಗೆ ಹೋಗಿದೆ, ಜೊತೆಗೆ ಕಿವೀನೂ ಹೋಗಿದೆ."

ಮೂವತ್ತು ವರ್ಷ ಹೊರಗೆ ಹೊರಗೆ ಎಂದವನು ಈಗ ಒಳಗೆ ಎನ್ನುತ್ತಿದ್ದಾನೆ, ಒಳಗೆ ಎಂದವರು ಹೊರಗೆ ಎನ್ನುತ್ತಿದ್ದಾರೆ. ಜಗಳ ಅದೇ, ಕಡೆ ಮಾತ್ರ ಅದಲುಬದಲು. ಜನ ಬಿಟ್ಟ ಬಾಯಿ ಬಿಟ್ಟ ಹಾಗೇ ನೋಡುತ್ತಿದ್ದರು. ನಾನು ಕಂಬ ಹಿಡಿದುಕೊಂಡು ಅಳುತ್ತಿದ್ದೆ. ಅವರು ಬಾವ ಎಂದಿದ್ದರು. ನಿಮ್ಮಣ್ಣ ಅಲ್ಲ, ನಿನ್ನ ಗಂಡ ಅಲ್ಲ. ನೇರವಾಗಿ, ಮುಖ ನೋಡಿ, ಬಾವ.

ಚೆಂಡು ಬಿದ್ದದ್ದೆಲ್ಲಿ ಎಂದು ನೀವು ಕೇಳಬಹುದು. ಎಲ್ಲರೂ ಹುಡುಕಿದರು. ಸಿಕ್ಕಿದ್ದು ಜೆಸಿಬಿಯ ಬಕೆಟ್ಟಿನಲ್ಲಿ. ಒಳಗೂ ಅಲ್ಲ, ಹೊರಗೂ ಅಲ್ಲ.

ಅಣ್ಣನ ಮನೆಗೆ ಬಂದ ತಕ್ಷಣ ನಾನು ದೇವರ ಗೂಡಿನಿಂದ ಹಿತ್ತಾಳೆ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಸೀಟಿ ಅದರಲ್ಲೇ ಇತ್ತು. ಅಮ್ಮ ಮೆತ್ತಿದ ಅರಿಶಿನ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಲ್ಲಾಡಿಸಿದರೆ ಕಾಳು ಅಲುಗಲಿಲ್ಲ. ಆದರೆ ಡಬ್ಬಿಯಿಂದ ಲವಂಗದ ವಾಸನೆ ಬಂತು. ಅತ್ತಿಗೆಯನ್ನು ಕರೆದು ಮೂಸಿಸಿದೆ. ಆಕೆ ಮೂಸಿ, "ಈ ಡಬ್ಬೀಲಿ ಮುಂಚೆ ಲವಂಗ ಇಕ್ತಿದ್ವಿ ಅನ್ಸುತ್ತೆ," ಎಂದಳು. ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ, "ಇಲ್ಲ ಕಣಮ್ಮ, ಇದು ಏಲಕ್ಕಿ ಡಬ್ಬಿ. ಲವಂಗದ್ದು ಇದಲ್ಲ. ಇದೇ ಇರ್ಬೋದೇನೋ," ಎಂದು ಒಳಗೆ ಹೋದಳು. ಇವತ್ತಿಗೂ ಆಕೆಗೆ ಖಚಿತವಿಲ್ಲ.

ನಾನು ಸುಮ್ಮನೆ ಕೂತವಳಲ್ಲ. ಮೊದಲು ಕುಕ್ಕರಿನ ಸೀಟಿ ಇರಬೇಕು ಎಂದುಕೊಂಡೆ. ಆದರೆ ಕುಕ್ಕರಿನೊಳಗೆ ಕಾಳು ತಿರುಗುವುದಿಲ್ಲ, ಬೇಯುತ್ತದೆ. ಆ ಎರಡು ಸದ್ದಿನ ವ್ಯತ್ಯಾಸ ನನ್ನ ಕಿವಿಗೆ ಗೊತ್ತು. ಡ್ರೈವರನನ್ನು ಕೇಳಿದರೆ, "ಬಸ್ಸೊಚ್ಚಿಂದಿ ಅನುಕುನ್ನಾ," ಬಸ್ಸು ಬಂತು ಅಂದುಕೊಂಡೆ ಎಂದ. ಅಂದರೆ ಅವನಿಗೂ ಕೇಳಿಸಿದೆ. ಆ ಹೊತ್ತಿಗೆ ಯಾವ ಬಸ್ಸೂ ಇಲ್ಲ. ಸರಪಂಚನಿಗೆ ಏನೂ ಕೇಳಿಸಲಿಲ್ಲವಂತೆ. ಅವನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಆ ವಿಡಿಯೋ ನೋಡಿದೆ. ಧೂಳು ಕಾಣಿಸುತ್ತದೆ, ಗಾಳಿಯ ಭರ್ರೋ ಸದ್ದು ಕೇಳಿಸುತ್ತದೆ. ಆ ಸದ್ದಿನೊಳಗೆ ಸೀಟಿ ಇದೆ ಎಂದುಕೊಂಡು ಕೇಳಿದರೆ ಇದೆ, ಇಲ್ಲ ಎಂದುಕೊಂಡು ಕೇಳಿದರೆ ಇಲ್ಲ. ಇಬ್ಬರು ಗಂಡಸರಿಗೂ ಒಳಗೊಳಗೇ ಜಗಳ ಸಾಕಾಗಿತ್ತು, ಸೋಲಲು ಒಂದು ನೆಪ ಬೇಕಾಗಿತ್ತು, ಕಿವಿ ಅದನ್ನು ಒದಗಿಸಿತು ಎಂದು ನನ್ನ ಹಳೆಯ ಗೆಳತಿಯೊಬ್ಬಳು ಹೇಳಿದಳು. ಚೆನ್ನಾಗಿದೆ. ಹಾಗಾದರೆ ಡ್ರೈವರನಿಗೆ ಏನು ಬೇಕಾಗಿತ್ತು? ಅವನಿಗೆ ಊಟ ಮುಗಿಸಬೇಕಾಗಿತ್ತು ಅಷ್ಟೆ.

ಸ್ಟೆಂಟು ಹಾಕಿಸಿದ್ದಾಯಿತು. ಹಿಂದೂಪುರದ ಆಸ್ಪತ್ರೆಯಲ್ಲಿ ಅಣ್ಣನ ಮಂಚದ ಪಕ್ಕದಲ್ಲಿ ಮಲಗಿದ್ದವರು ನಾನಲ್ಲ, ಅತ್ತಿಗೆಯೂ ಅಲ್ಲ, ನಮ್ಮ ಯಜಮಾನರು. ಎರಡು ಸೀಟಿ, ಒಂದು ಸೀಟಿ ಎಂದು ಅಲ್ಲೂ ಜಗಳ ತೆಗೆದಾಗ, ಪೇಷೆಂಟಿಗೆ ಬಿಪಿ ಏರುತ್ತದೆ ಎಂದು ನರ್ಸಮ್ಮ ಇವರನ್ನು ವರಾಂಡಕ್ಕೆ ಅಟ್ಟಿದಳು. ಇವರು ವರಾಂಡದಿಂದ ಫೋನು ಮಾಡಿದರು.

ಆ ಕಲ್ಲುಕಂಬಗಳನ್ನು ಕಿತ್ತಾಗ ಒಂದನ್ನು ಅಣ್ಣ ಮನೆ ಮುಂದೆ ಕೂರಲು ಹಾಕಿಕೊಂಡ. ಇನ್ನೊಂದನ್ನು ಇವರು ಲಗೇಜ್ ಆಟೋದಲ್ಲಿ ಕಲ್ಯಾಣದುರ್ಗಕ್ಕೆ ತಂದು ನಮ್ಮ ಬಾಗಿಲಲ್ಲಿ ಹಾಕಿಸಿದ್ದಾರೆ. ದಿನಾ ಸಂಜೆ ಇವರು ಈ ಕಂಬದ ಮೇಲೆ, ಅಣ್ಣ ಆ ಕಂಬದ ಮೇಲೆ ಕೂತು, ಸ್ಪೀಕರ್ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಾರೆ. ಮಳೆ, ಮೊಮ್ಮಕ್ಕಳು, ಮಾತ್ರೆ ಎಲ್ಲ ಆದ ಮೇಲೆ ಕೊನೆಗೆ ಬರುವುದು ಅಲ್ಲಿಗೇ. ನೀನು ಗೆದ್ದೆ, ಇಲ್ಲ ನೀನು ಗೆದ್ದೆ. ಬಗೆಹರಿಯದೆ ಇದ್ದಾಗ ಇಬ್ಬರೂ ನನ್ನನ್ನು ಕೂಗುತ್ತಾರೆ. "ಸರೋಜ, ಎಕ್ಸ್‌ಚೇಂಜ್ ಕಿವಿ ನಿಂದು, ಕಂಬದ ಹತ್ರಾನೇ ಇದ್ದೆ. ಎಷ್ಟು ಸೀಟಿ ಕೇಳುಸ್ತು, ನೀನೇ ಹೇಳ್ಬುಡು."

ಎಷ್ಟು ಎಂದು ನನಗೆ ಗೊತ್ತು. ಅವತ್ತೂ ಗೊತ್ತಿತ್ತು, ಇವತ್ತೂ ಕಿವಿಯಲ್ಲಿದೆ. ಯಾರು ಊದಿದರು, ಯಾವುದರಿಂದ ಊದಿದರು ಎನ್ನುವುದಷ್ಟೇ ಗೊತ್ತಿಲ್ಲ, ಅದನ್ನು ತಿಳಿದುಕೊಳ್ಳುವ ಆಸೆಯನ್ನೂ ಬಿಟ್ಟಿದ್ದೇನೆ. ಎಷ್ಟು ಎಂದು ಹೇಳಿಬಿಟ್ಟರೆ ಆಟ ಮುಗಿಯುತ್ತದೆ. ನಾಳೆ ಸಂಜೆ ಇವರಿಬ್ಬರೂ ಏನು ಮಾತಾಡಬೇಕು? ಹಾಸಿಗೆ ಹಿಡಿದ ಅಶ್ವತ್ಥಪ್ಪ ಮೇಷ್ಟ್ರು ಅವತ್ತು ನನ್ನ ಮುಖ ನೋಡಿ ಯಾಕೆ ನಕ್ಕರೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

"ಗಾಳಿ ಸದ್ದಿಗೆ ನಂಗೊಂದೂ ಕೇಳುಸ್ಲಿಲ್ಲ ಕಣ್ರಪ್ಪ," ಎಂದು ಒಳಗೆ ಹೋಗಿ ಬೇಳೆಗೆ ಇಡುತ್ತೇನೆ. ಸ್ವಲ್ಪ ಹೊತ್ತಿಗೆ ಕುಕ್ಕರ್ ಒಂದು ಸೀಟಿ ಕೂಗುತ್ತದೆ. ಆಗ ಹೊರಗೆ ಕಂಬದ ಮೇಲೆ ಇವರ ಮಾತು ನಿಲ್ಲುತ್ತದೆ, ಫೋನಿನಲ್ಲಿ ಅಣ್ಣನ ಮಾತೂ ನಿಲ್ಲುತ್ತದೆ. ಇನ್ನೊಂದು ಸಲ ಕೂಗುತ್ತದೋ ಇಲ್ಲವೋ ಎಂದು ಕಾಯುತ್ತಾರೆ. ನಾನು ಹೋಗಿ ಒಲೆ ಆರಿಸಿಬಿಡುತ್ತೇನೆ.